ಇಡೀ ಗ್ಯಾಲಕ್ಸಿ ಬಿಟ್ಟೆ, ಸಬ್‌ಹೇಲೋ ಉಳಿಯಿತು

ನನ್ನ ಸಬ್‌ಹೇಲೋ, ಅಂದರೆ ದೊಡ್ಡ ಗ್ಯಾಲಕ್ಸಿಯನ್ನು ಸುತ್ತುವ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ ದ್ರವ್ಯ) ಮುದ್ದೆ, ಸಿಮ್ಯುಲೇಷನ್‌ನಲ್ಲಿ ಸಾವಿರ ಕೋಟಿ ವರ್ಷ ಉಳಿಯಿತು. ಅದೂ ಮನೆಯಲ್ಲಿಟ್ಟ ಹಳೇ ವರ್ಕ್‌ಸ್ಟೇಷನ್‌ನಲ್ಲಿ. "ಇದಕ್ಕೆ ಸೂಪರ್‌ಕಂಪ್ಯೂಟರೇ ಬೇಕು, ಸುಮ್ನೆ ಕರೆಂಟ್ ದಂಡ" ಎಂದವರು ಒಬ್ಬಿಬ್ಬರಲ್ಲ.

ಶುರುವಿನಲ್ಲಿ ಆ ಮುದ್ದೆಯನ್ನು ಒಂದು ಲಕ್ಷ ಕಣಗಳಲ್ಲಿ ಕಟ್ಟಿದ್ದೆ. ಸಬ್‌ಹೇಲೋ ತೂಕ ಸುಮಾರು 100 ಕೋಟಿ ಸೂರ್ಯರಷ್ಟು, ಸಾಫ್ಟನಿಂಗ್ (ಕಣಗಳು ಇದಕ್ಕಿಂತ ಹತ್ತಿರ ಬಂದರೆ ಅವುಗಳ ನಡುವಿನ ಸೆಳೆತವನ್ನು ಮೆದು ಮಾಡುವ ದೂರ) 200 ಪಾರ್ಸೆಕ್ (ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ). ಕ್ಷೀರಪಥದ ನಡುವಿಗೆ ನಾಲ್ಕನೇ ಸಲ ಹತ್ತಿರ ಬರುವಷ್ಟರಲ್ಲಿ ಅದು ಮಾಯ. ಗ್ಯಾಲಕ್ಸಿಯ ಸೆಳೆತವೇ ಹರಿದು ಹಾಕಿತು ಅಂತ ಆರು ತಿಂಗಳು ನಂಬಿದ್ದೆ. ಆಮೇಲೆ ಸಾಫ್ಟನಿಂಗ್ ಮಾತ್ರ 30ಕ್ಕೆ ಇಳಿಸಿದೆ. ಆಗ ಬೇರೆಯೇ ಕಾಟ. ರ್‍ಯಾಂಡಮ್ ಸೀಡ್ (ಶುರುವಿನಲ್ಲಿ ಕಣಗಳನ್ನು ಎಲ್ಲೆಲ್ಲಿ ಇಡಬೇಕೆಂದು ಆರಿಸುವ ಸಂಖ್ಯೆ) ಬದಲಿಸಿದರೆ ಒಮ್ಮೆ ಉಳಿಯುತ್ತದೆ, ಇನ್ನೊಮ್ಮೆ ಇಲ್ಲ. ಸೀಡ್ ನೋಡಿಕೊಂಡು ಹರಿಯುವುದು ಗ್ಯಾಲಕ್ಸಿಯ ಸೆಳೆತ ಅಲ್ಲ, ಅಲ್ವಾ? ಸಿಮ್ಯುಲೇಷನ್‌ನಲ್ಲಿ ಸಾಯುವ ಸಬ್‌ಹೇಲೋಗಳಲ್ಲಿ ಹೆಚ್ಚಿನವು ಲೆಕ್ಕದ ದೋಷದಿಂದಲೇ ಸಾಯುತ್ತವೆ ಅಂತ ವ್ಯಾನ್ ಡೆನ್ ಬಾಷ್ ಮತ್ತು ಒಗಿಯಾ ಎಂಬ ಖಗೋಳ ವಿಜ್ಞಾನಿಗಳು 2018ರಲ್ಲೇ ತೋರಿಸಿದ್ದರು. ಓದಿದ್ದೆ. ಕೈ ಸುಟ್ಟುಕೊಂಡ ಮೇಲೆ ಮನಸ್ಸಿಗೆ ಇಳಿಯಿತು.

ಹಾಗಾಗಿ ಇಡೀ ಗ್ಯಾಲಕ್ಸಿಯನ್ನು ಕಣಗಳಲ್ಲಿ ಕಟ್ಟುವುದನ್ನೇ ಬಿಟ್ಟೆ. ಅದನ್ನು ಗ್ಯಾಜೆಟ್-4 ಎಂಬ ಸಿಮ್ಯುಲೇಷನ್ ಪ್ರೋಗ್ರಾಂನಲ್ಲಿ ಬರೀ ಒಂದು ಸೆಳೆತದ ಸೂತ್ರವಾಗಿ ಇಟ್ಟು, ಇದ್ದಬದ್ದ ಕಣಗಳನ್ನೆಲ್ಲ ಸಬ್‌ಹೇಲೋಗೇ ಸುರಿದೆ. 50 ಲಕ್ಷ ಕಣ, ಒಂದೊಂದೂ 200 ಸೂರ್ಯರ ತೂಕ. ಇದೇ ಲೆಕ್ಕದಲ್ಲಿ ಇಡೀ ಗ್ಯಾಲಕ್ಸಿಗೆ 500 ಕೋಟಿ ಕಣ ಬೇಕಾಗುತ್ತಿತ್ತು. "ಡೈನಾಮಿಕಲ್ ಫ್ರಿಕ್ಷನ್ ಎಲ್ಲಿ ಹೋಯಿತು?" ಅಂತ ಕೆಲವರು ಕೇಳಿದರು. ಸುತ್ತಲಿನ ದ್ರವ್ಯದ ಸೆಳೆತ ಚಲಿಸುವ ಮುದ್ದೆಯನ್ನು ನಿಧಾನ ಮಾಡುವುದಕ್ಕೆ ಆ ಹೆಸರು. ಸಬ್‌ಹೇಲೋ ಗ್ಯಾಲಕ್ಸಿಯ ಸಾವಿರದಲ್ಲೊಂದು ಪಾಲು. ಅಷ್ಟು ಸಣ್ಣದಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಮೆಷಿನ್‌ಗೆ 85 ಸಾವಿರ ಕೊಟ್ಟ ನೆನಪು. ಕರೆಂಟ್ ಬಿಲ್ ತಿಂಗಳಿಗೆ ಸಾವಿರದೈನೂರು ಜಾಸ್ತಿ ಆಯಿತು. ಒಂದು ರನ್‌ಗೆ ಹನ್ನೊಂದು ದಿನ. ಮೊದಲ ರನ್‌ನ ಒಂಬತ್ತನೇ ದಿನ ಕರೆಂಟ್ ಹೋಯಿತು. ರೀಸ್ಟಾರ್ಟ್ ಫೈಲ್ ಎರಡು ದಿನಕ್ಕೊಮ್ಮೆ ಬರೆಯುವಂತೆ ಇಟ್ಟಿದ್ದೆ, ಎರಡು ದಿನದ ಕೆಲಸ ನೀರಿಗೆ ಬಿತ್ತು. ಮಾರನೇ ದಿನವೇ ಯುಪಿಎಸ್ ತಂದೆ. ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿ ಎಲ್ಲ ಕಣಗಳು ಎಲ್ಲಿವೆ ಎಂದು ಉಳಿಸುವ ಫೈಲ್) ಒಂದಕ್ಕೆ 140 ಎಂಬಿ, ಸಾವಿರ ಉಳಿಸಲು ಹೋಗಿ ಡಿಸ್ಕ್ ತುಂಬಿತು.

ಕಾಲ ಕಳೆದಂತೆ ಎಷ್ಟು ತೂಕ ಉಳಿಯಿತು ಎಂಬ ಗ್ರಾಫಿನಲ್ಲಿ 25 ಲಕ್ಷ ಕಣದ ಗೆರೆಯೂ 50 ಲಕ್ಷದ ಗೆರೆಯೂ ಕೊನೆಯವರೆಗೆ ಒಂದರ ಮೇಲೊಂದು ಕೂತವು. ಉಳಿದ ತೂಕ ಶೇಕಡಾ ಮೂರೋ ನಾಲ್ಕೋ. ಯಾವ ಸೀಡ್ ಕೊಟ್ಟರೂ ಅಷ್ಟೇ. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಕೊನೆಗೆ ಉಳಿದ ಚೂರಿನ ನಡುವನ್ನು ಜಾರದಂತೆ ಹಿಡಿಯಲು ನನ್ನದೇ ಒಂದು ಉಪಾಯ ಇದೆ. ಪೇಪರ್ ಹೊರಬರಲಿ, ಆಮೇಲೆ ಹೇಳುತ್ತೇನೆ.

ನಡುವೆ ಇನ್ನೊಂದು ಆಸೆ ಹುಟ್ಟಿತು. ನಡುವಿನಲ್ಲಿ ಸಾಂದ್ರತೆ ಚೂಪಾಗಿ ಏರುವ ಎನ್‌ಎಫ್‌ಡಬ್ಲ್ಯೂ ವಿನ್ಯಾಸದ ಬದಲು ಸಾಂದ್ರತೆ ಸಪಾಟಾದ ನಡು (ಕೋರ್) ಇಟ್ಟು ಅದೇ ದಾರಿಯಲ್ಲಿ ಬಿಟ್ಟೆ. 50 ಲಕ್ಷ ಕಣ ಇದ್ದರೂ ಅದು ಪೂರ್ತಿ ಚೆದುರಿತು, ಪ್ರತಿ ಸೀಡ್‌ಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇದು ನಿಜವಾದ ಸಾವು. ಈಗ ಕೋರ್ ಸ್ವಲ್ಪ ಸ್ವಲ್ಪ ಕಿರಿದು ಮಾಡುತ್ತಾ ಹೊಸ ರನ್ ಹಾಕಿದ್ದೇನೆ. ಇವತ್ತು ಆರನೇ ದಿನ.