ಯುದ್ಧಕ್ಕೆ ಹೋದ ಮುತ್ತಜ್ಜ ಸೆರೆಸಿಕ್ಕಿದ್ದರೇ? ಹುಡುಕುವುದು ಹೀಗೆ

‘ಮುತ್ತಜ್ಜ ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿದ್ದರಂತೆ’ ಎಂಬ ಮಾತು ಮನೆಯಲ್ಲಿ ಉಳಿದಿದ್ದರೆ ತಳ್ಳಿಹಾಕಬೇಡಿ. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ನಮ್ಮ ಸಂಸ್ಥಾನದ ಒಂದನೇ ಮೈಸೂರು ಇನ್‌ಫೆಂಟ್ರಿ ಅಲ್ಲೇ ಇತ್ತು.

ಮೊದಲು ಬೇಕಾದದ್ದು ಹೆಸರಲ್ಲ, ಸೈನ್ಯದ ನಂಬರು ಮತ್ತು ಪಟಾಲಮ್ಮಿನ ಹೆಸರು. ತಿಮ್ಮೇಗೌಡ, ರಂಗಯ್ಯ ಎಂದಷ್ಟೇ ಹುಡುಕಿದರೆ ಯಾರದೋ ದಾಖಲೆ ನಿಮ್ಮ ಅಜ್ಜನದಾಗಿಬಿಡುತ್ತದೆ. ಹಳೆಯ ಟ್ರಂಕಿನಲ್ಲಿ ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಪತ್ರ, ಅಂಚೆ ಕಾರ್ಡು ಇವೆಯೇ ನೋಡಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕವಿದ್ದರೆ ಅದರ ದಪ್ಪ ಅಂಚನ್ನು ಭೂತಗನ್ನಡಿಯಲ್ಲಿ ಓದಿ: ನಂಬರು, ಹೆಸರು, ದಳ ಅಲ್ಲಿ ಒತ್ತಿರುತ್ತವೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆದರೆ ಮತ್ತೆ ಬಾರದು.

ಊರಿನ ಹೆಸರು ಹಲವರನ್ನು ದಾರಿ ತಪ್ಪಿಸುತ್ತದೆ. ಸ್ವಾತಂತ್ರ್ಯಕ್ಕೆ ಮೊದಲು ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಸಕಲೇಶಪುರದ ಸೀಮೆ ಮಂಜರಾಬಾದ್. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿರಬಹುದು. ಒಂದೇ ಹೆಸರನ್ನು ನಾಲ್ಕೈದು ಕಾಗುಣಿತದಲ್ಲಿ ಹುಡುಕಿ, ‘ಗೌಡ’ ಬಿಟ್ಟೂ ಹುಡುಕಿ.

ಮೊದಲ ಯುದ್ಧದವರಾದರೆ ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಕೈದಿಗಳ ಕಾರ್ಡುಗಳು ಅಂತರ್ಜಾಲದಲ್ಲಿ ಉಚಿತ. 1916ರ ಏಪ್ರಿಲ್ 29ರಂದು ಇರಾಕಿನ ಕುತ್‌ನಲ್ಲಿ ತುರ್ಕರಿಗೆ ಶರಣಾದ ದಳಗಳಲ್ಲಿ ಅವರಿದ್ದರೇ ಎಂಬುದನ್ನೂ ಗಮನಿಸಿ. ಎರಡನೇ ಯುದ್ಧಕ್ಕೆ ಅದೇ ಸಮಿತಿಗೆ ಅರ್ಜಿ ಹಾಕಬೇಕು. ವರ್ಷದ ನಿಗದಿತ ದಿನಗಳಲ್ಲಿ ಮಾತ್ರ, ಮಿತ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತಾರೆ. ದಿನಾಂಕ ನೋಡಿಕೊಂಡು ಸಿದ್ಧವಾಗಿರಿ. ಯುದ್ಧಕೈದಿಗಳ ಕುರಿತ 1929ರ ಜಿನೀವಾ ಒಪ್ಪಂದವನ್ನು ಜಪಾನ್ ಅನುಮೋದಿಸಿರಲಿಲ್ಲ, ಜಿನೀವಾಕ್ಕೆ ಅದು ಕೊಟ್ಟ ಪಟ್ಟಿಗಳೂ ಅರೆಬರೆ. ಹಾಗಾಗಿ ‘ಹೆಸರಿಲ್ಲ’ ಎಂಬ ಉತ್ತರ ಬಂದರೆ ಸೆರೆಸಿಕ್ಕಿರಲಿಲ್ಲ ಎಂದುಕೊಳ್ಳಬೇಡಿ.

ಮನೆಗೆ ಮರಳದವರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ನೋಡಿ. ಎಷ್ಟೋ ಕಡೆ ತಂದೆಯ ಹೆಸರು, ಊರು ಇರುತ್ತವೆ. ಸಿಂಗಾಪುರದಲ್ಲಿ ಶರಣಾದ ದಳದವರು 1943 ಅಥವಾ 44ರಲ್ಲಿ ತೀರಿಕೊಂಡರು ಎಂದಿದ್ದರೆ ಸೆರೆಯಲ್ಲಿ ಸತ್ತಿರುವ ಸಾಧ್ಯತೆ ಬಲವಾದದ್ದು. ‘ಕಾಣೆಯಾದವರು’ ಎಂಬ ತಂತಿಯೊಂದೇ ಇದ್ದರೆ ಅದು ಸೆರೆಸಿಕ್ಕಿದ್ದಕ್ಕೆ ಸಾಕ್ಷಿಯಾಗದು.

ಸೆರೆಯಿಂದ ಆಜಾದ್ ಹಿಂದ್ ಫೌಜಿಗೆ ಸೇರಿದವರೂ ಬಹಳ. ಆ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಸಂಸ್ಥಾನದ ಪಡೆಗಳ ಕಾಗದಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಅರ್ಜಿಯಲ್ಲಿ ನಂಬರು, ದಳ, ತಂದೆಯ ಹೆಸರು, ಊರಿನ ಹಳೆಯ ಮತ್ತು ಈಗಿನ ತಾಲ್ಲೂಕು ಬರೆಯಿರಿ. ಮೂಲ ಪತ್ರ ಕಳಿಸಬೇಡಿ, ಜೆರಾಕ್ಸ್ ಸಾಕು.