ಹೊಸ ಸರ್ಜನ್ ಸೇರಿದ ಮೊದಲ ಮೂರು ತಿಂಗಳು: ನನ್ನ ಅನುಭವ

ಮಂಡ್ಯದ ನಮ್ಮ ಆಸ್ಪತ್ರೆಗೆ ಹೊಸ ತಜ್ಞ ವೈದ್ಯರು ಬಂದರೆ ಅವರ ಕಡತ ಮೊದಲು ನನ್ನ ಮೇಜಿಗೆ ಬರುತ್ತದೆ. ಹದಿನಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು. ಈಗ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ.

ಈ ಕೆಲಸವನ್ನು ನಾನು ಹಟ ಹಿಡಿದು ಮಾಡುವುದಕ್ಕೆ ಹಳೆಯ ಕಾರಣವೊಂದಿದೆ. ಹಿಂದೆ ನಾನಿದ್ದ ಬೇರೊಂದು ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ಸರ್ಜನ್ ಒಬ್ಬರು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆಯುವಾಗ ಪಿತ್ತಕೋಶದ ನಾಳವೆಂದುಕೊಂಡು ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿದರು. ಆ ಕ್ಲಿಪ್ಪನ್ನು ಅವರ ಕೈಗೆ ಕೊಟ್ಟವಳು ನಾನೇ. ರೋಗಿ ಮದ್ದೂರಿನ ಕಡೆಯ ಕಬ್ಬಿನ ರೈತ. ಎರಡು ದಿನದಲ್ಲಿ ಅವರ ಕಣ್ಣು ಹಳದಿಯಾಯಿತು. ಬೆಂಗಳೂರಿನಲ್ಲಿ ಮತ್ತೆ ಹೊಟ್ಟೆ ತೆರೆಯಬೇಕಾಯಿತು. ಜೀವ ಉಳಿಯಿತು, ಎರಡು ಎಕರೆ ಹೋಯಿತು. ಸರ್ಜನ್ನರ ಪದವಿ ಅಸಲಿ, ನೋಂದಣಿ ಸರಿ. ಆದರೆ ಈ ಶಸ್ತ್ರಚಿಕಿತ್ಸೆಯನ್ನು ಒಬ್ಬರೇ ಎಷ್ಟು ಸಲ ಮಾಡಿದ್ದಾರೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ನಮ್ಮಲ್ಲಿಗೆ ಬಂದ ಸರ್ಜನ್ ಹೊರರಾಜ್ಯದಲ್ಲಿ ಎಂಎಸ್, ಅಂದರೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ, ಮಾಡಿದವರು. ಕಾಗದಗಳ ಕೆಲಸ ಹೇಳುವುದಕ್ಕೆ ಚಿಕ್ಕದು, ಮಾಡುವುದಕ್ಕೆ ದೊಡ್ಡದು. ಅಭ್ಯರ್ಥಿ ತಂದ ಜೆರಾಕ್ಸ್ ಅನ್ನು ನಾನು ಪುರಾವೆಯೆಂದು ಎಣಿಸುವುದಿಲ್ಲ. ವಿಶ್ವವಿದ್ಯಾಲಯಕ್ಕೆ ನಾವೇ ಬರೆದು ಅವರಿಂದ ನೇರವಾಗಿ ಉತ್ತರ ತರಿಸುತ್ತೇವೆ; ನೋಂದಣಿಯನ್ನು ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲೇ ನೋಡುತ್ತೇವೆ. ಎಂಬಿಬಿಎಸ್ ನೋಂದಣಿಯಾಗಿದ್ದರೆ ಸಾಲದು, ಸ್ನಾತಕೋತ್ತರ ಪದವಿಯನ್ನೂ ಹೆಚ್ಚುವರಿ ಅರ್ಹತೆಯಾಗಿ ಸೇರಿಸಿರಬೇಕು. ಹಲವರು ಇದನ್ನು ಮುಂದೂಡುತ್ತಲೇ ಇರುತ್ತಾರೆ. ಹಿಂದಿನ ರಾಜ್ಯದ ಪರಿಷತ್ತಿನಿಂದ ಸನ್ನಡತೆಯ ಪ್ರಮಾಣಪತ್ರವೂ ಬೇಕು.

ಇವರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇನ್ನೂ ಬಂದಿರಲಿಲ್ಲ. ಹೊಸ ಕ್ಯಾಮೆರಾ ಬಂದು ಕೂತಿತ್ತು, ರೋಗಿಗಳು ಕಾಯುತ್ತಿದ್ದರು. “ಅರ್ಜಿ ಹಾಕಿದ್ದಾರಲ್ಲ ಸಿಸ್ಟರ್, ಶುರು ಮಾಡಿಸೋಣ” ಎಂದರು ವೈದ್ಯಕೀಯ ಅಧೀಕ್ಷಕರು. “ಸಂಖ್ಯೆ ಕೈಗೆ ಬರಲಿ ಸಾರ್, ಅಲ್ಲಿಯವರೆಗೆ ಅವರ ಹೆಸರನ್ನು ಪಟ್ಟಿಗೆ ಹಾಕಲಾರೆ” ಎಂದೆ. ಐದು ವಾರ ಕಾದೆವು. ಆ ಐದು ವಾರ ನನ್ನನ್ನು ಯಾರೂ ಮೆಚ್ಚಲಿಲ್ಲ.

ಆಗ ಅಧೀಕ್ಷಕರಿಗೆ ಆಸ್ಟ್ರೇಲಿಯಾದ ಬಂಡಾಬರ್ಗ್ ಆಸ್ಪತ್ರೆಯ ಕತೆ ಹೇಳಿದೆ. 2003ರಲ್ಲಿ ಅಲ್ಲಿ ಸೇರಿದ ಜಯಂತ್ ಪಟೇಲ್ ಎಂಬ ಸರ್ಜನ್ನರಿಗೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಕೆಲವು ಶಸ್ತ್ರಚಿಕಿತ್ಸೆಗಳ ಮೇಲೆ ನಿರ್ಬಂಧವಿತ್ತು. ಅವರ ನೋಂದಣಿಯ ಬಗ್ಗೆ ಆರೆಗಾನ್ ಕೊಟ್ಟ ಪತ್ರದಲ್ಲಿ ‘ಆದೇಶವಿದೆ, ಲಗತ್ತು ನೋಡಿ’ ಎಂಬ ಅರ್ಥದ ಸಾಲೂ ಇತ್ತು. ಲಗತ್ತು ಇರಲಿಲ್ಲ. ಅದೆಲ್ಲಿ ಎಂದು ಆಸ್ಟ್ರೇಲಿಯಾದ ನೋಂದಣಿ ಮಂಡಳಿ ಕೇಳಲಿಲ್ಲ. ಕೊನೆಗೆ ಆ ಸರ್ಜನ್ನರ ವಿರುದ್ಧ ದೂರು ಹಿಡಿದು ಹೋರಾಡಿದವರು ತೀವ್ರ ನಿಗಾ ಘಟಕದ ನರ್ಸ್ ಟೋನಿ ಹಾಫ್‌ಮನ್. ಆ ಹೆಸರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಕಾಗದ ಸರಿಯಾದ ಮೇಲೆ ನಿಜವಾದ ಪ್ರಶ್ನೆ ಶುರುವಾಗುತ್ತದೆ: ಇವರು ಇಲ್ಲಿ ಏನೇನು ಮಾಡಬಹುದು? ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆಗೆ ಇದನ್ನು ವೈದ್ಯರೊಬ್ಬೊಬ್ಬರಿಗೂ ಬರೆದಿಡಲೇಬೇಕು. ಆದರೆ ಎಷ್ಟೋ ಕಡೆ ‘ಜನರಲ್ ಸರ್ಜರಿ’ ಎಂಬ ಎರಡು ಪದದಲ್ಲಿ ಮುಗಿಸಿಬಿಡುತ್ತಾರೆ. ನಾನು ಒಂದೊಂದು ಶಸ್ತ್ರಚಿಕಿತ್ಸೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸುತ್ತೇನೆ. ಅವರು ಹಿಂದೆ ಕೆಲಸ ಮಾಡಿದ ಆಸ್ಪತ್ರೆ ಕೊಟ್ಟ ಅನುಭವ ಪತ್ರದಲ್ಲಿ ಮೂರು ವರ್ಷ ಎಂದಷ್ಟೇ ಇತ್ತು. ಅಲ್ಲಿನ ವಿಭಾಗದ ಮುಖ್ಯಸ್ಥರಿಗೆ ನಮ್ಮ ಹಿರಿಯ ಸರ್ಜನ್ ಫೋನ್ ಮಾಡಿ, ಇವರು ಒಬ್ಬರೇ ಮಾಡಿದ್ದೆಷ್ಟು, ಸಹಾಯಕರಾಗಿ ನಿಂತದ್ದೆಷ್ಟು ಎಂದು ಕೇಳಿದರು. ಹರ್ನಿಯಾ, ಅಪೆಂಡಿಕ್ಸ್ ಧಾರಾಳವಾಗಿ ಮಾಡಿದ್ದರು. ಪಿತ್ತಕೋಶದಲ್ಲಿ ಹೆಚ್ಚಿನವು ಸಹಾಯಕರಾಗಿ ಮಾಡಿದವು. ಹೊಸಬರೂ ಅದನ್ನು ಮುಚ್ಚಿಡಲಿಲ್ಲ; ತಮ್ಮ ಲಾಗ್‌ಬುಕ್ ತಂದು ನನ್ನ ಮುಂದಿಟ್ಟರು.

ಮೊದಲ ಹತ್ತು ಪಿತ್ತಕೋಶಗಳಿಗೆ ಹಿರಿಯರು ಪಕ್ಕದಲ್ಲಿ ನಿಲ್ಲಬೇಕೆಂದು ತೀರ್ಮಾನವಾಯಿತು. ಕ್ಲಿಪ್ ಹಾಕುವ ಮೊದಲು ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬಿಡಿಸಿ, ಕೊಬ್ಬನ್ನು ತೆಗೆದು, ಪಿತ್ತಕೋಶಕ್ಕೆ ಎರಡೇ ರಚನೆಗಳು, ಅಂದರೆ ಒಂದು ನಾಳ ಮತ್ತು ಒಂದು ರಕ್ತನಾಳ, ಹೋಗುತ್ತಿವೆಯೆಂದು ಕಣ್ಣಾರೆ ಕಾಣಬೇಕು. 1995ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ವಿವರಿಸಿದ ನಿಯಮವಿದು. ಆ ಚಿತ್ರವನ್ನು ಪ್ರತಿ ಸಲವೂ ಉಳಿಸಿಡಬೇಕೆಂದು ಕೇಳಿಕೊಂಡೆ.

ಆರನೆಯ ರೋಗಿ ಪಾಂಡವಪುರದ ಅಜ್ಜಿ. ಉರಿಯೂತ ಹೆಚ್ಚಿ ಎಲ್ಲವೂ ಅಂಟಿಕೊಂಡಿತ್ತು. ನಲವತ್ತು ನಿಮಿಷ ಪ್ರಯತ್ನಿಸಿದ ಹೊಸಬರು, “ನನಗೆ ಸ್ಪಷ್ಟವಾಗಿ ಕಾಣುತ್ತಿಲ್ಲ, ಹೊಟ್ಟೆ ತೆರೆಯೋಣ” ಎಂದರು. ಹಿರಿಯರು ಬಾಯಿ ತೆರೆಯುವ ಮುನ್ನವೇ ಹೇಳಿದರು. ಕಾರಿಡಾರಿನಲ್ಲಿ ಕೆಲವರು ಇದನ್ನು ಸೋಲೆಂದು ಮಾತಾಡಿಕೊಂಡರು. ನನಗೆ ಮಾತ್ರ ಮನಸ್ಸು ಹಗುರವಾಯಿತು. ಅಂದು ಮದ್ದೂರಿನ ಆ ರೈತನ ವಿಷಯದಲ್ಲಿ ಈ ಒಂದು ಮಾತು ಬಂದಿದ್ದರೆ! ನನ್ನ ಟಿಪ್ಪಣಿಯಲ್ಲಿ ಅದನ್ನು ಅವರ ಪರವಾಗಿಯೇ ಬರೆದೆ.

ಉಳಿದ ನಿಗಾ ಸಿಸ್ಟರುಗಳದು. ರಾತ್ರಿ ಕರೆದರೆ ಫೋನ್ ಎತ್ತುತ್ತಾರೆಯೇ, ಎಷ್ಟು ಹೊತ್ತಿಗೆ ಬರುತ್ತಾರೆ, ಬಟ್ಟೆ, ಉಪಕರಣಗಳ ಎಣಿಕೆ ತಪ್ಪಿದೆಯೆಂದರೆ ಕೈ ನಿಲ್ಲಿಸುತ್ತಾರೆಯೇ ಎಂದು ಅವರನ್ನು ವಾರಕ್ಕೊಮ್ಮೆ ಕೇಳುತ್ತಿದ್ದೆ. ನಮ್ಮ ಊರಿನಲ್ಲಿ ಇದು ದೊಡ್ಡ ವಿಷಯ. ಅನೇಕ ತಜ್ಞರು ಮೈಸೂರಿನಿಂದ ಬಂದು, ಮುಗಿಸಿ, ಹಿಂದಿರುಗುತ್ತಾರೆ. ಸುಮಾರು 45 ಕಿಲೋಮೀಟರ್ ದೂರ. ರಾತ್ರಿ ಎರಡಕ್ಕೆ ರೋಗಿಯ ನಾಡಿ ಏರಿದರೆ ನೋಡುವವರು ಯಾರು? ಆ ಹೆಸರನ್ನು ಬರೆಯದೆ ಸಂಜೆಯ ಶಸ್ತ್ರಚಿಕಿತ್ಸೆಗೆ ಈಗ ನಮ್ಮಲ್ಲಿ ಒಪ್ಪಿಗೆಯಿಲ್ಲ.

ಸ್ಕ್ಯಾನಿಂಗ್ ವೈದ್ಯರದು ಬೇರೆ ದಾರಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ನಿಯಮಗಳ ಪ್ರಕಾರ ಸಿಬ್ಬಂದಿ ಬದಲಾವಣೆಯನ್ನು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಮೂವತ್ತು ದಿನ ಮೊದಲೇ ತಿಳಿಸಬೇಕು. 2023ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ನಡೆಯುತ್ತಿದ್ದ ಪತ್ತೆಯ ದಂಧೆ ಬಯಲಾದ ಮೇಲೆ ಈ ಪತ್ರವನ್ನು ನಾನು ಖುದ್ದಾಗಿ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ.

ಮೂರು ತಿಂಗಳಾದ ಮೇಲೆ, ಯಾವ ವೈದ್ಯರು ಏನೇನು ಮಾಡಬಹುದೆಂದು ತೀರ್ಮಾನಿಸುವ ನಮ್ಮ ಸಮಿತಿ ಸೇರಿತು. ಹೊಸಬರು ಕೇಳಿದ್ದ ಒಂಬತ್ತು ಶಸ್ತ್ರಚಿಕಿತ್ಸೆಗಳಲ್ಲಿ ಏಳಕ್ಕೆ ಒಪ್ಪಿಗೆ ಸಿಕ್ಕಿತು, ಪಿತ್ತಕೋಶವೂ ಸೇರಿ. ಒಂದನ್ನು ಆರು ತಿಂಗಳಿಗೆ ಮುಂದೂಡಿದೆವು. ಇನ್ನೊಂದು, ಪಿತ್ತನಾಳದ ಕಲ್ಲು ತೆಗೆಯುವುದು. ಅದನ್ನು ಅವರೇ ಪೆನ್ನು ತೆಗೆದುಕೊಂಡು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಆ ಹಾಳೆಯ ಪ್ರತಿ ಈಗ ಥಿಯೇಟರಿನ ಬುಕಿಂಗ್ ಪುಸ್ತಕದ ಮೊದಲ ಪುಟದಲ್ಲಿದೆ. ಸಮಯ ಕೊಡುವ ಮೊದಲು ಸಿಸ್ಟರ್ ಅದನ್ನು ನೋಡುತ್ತಾರೆ.