ಟೊರಾಂಟೊ ಹೊರವಲಯದಲ್ಲಿ ಮನೆ ಹುಡುಕುತ್ತಿದ್ದೀರಾ? ಬರಲಿರುವ ರೈಲಿಗೆ ಈಗಲೇ ಬಾಡಿಗೆ ಕಟ್ಟಬೇಡಿ

ಸ್ಕಾರ್ಬರೋ, ಎಗ್ಲಿಂಟನ್ ಈಸ್ಟ್, ಫಿಂಚ್ ವೆಸ್ಟ್, ಮಿಸಿಸಾಗಾದ ಹುರಾಂಟಾರಿಯೋ ರಸ್ತೆ. ಹೊಸದಾಗಿ ಬಂದ ನಮ್ಮವರು ಮನೆ ಹುಡುಕುವಾಗ ಈ ಹೆಸರುಗಳು ಬಂದೇ ಬರುತ್ತವೆ. ಊರ ನಡುವಿನ ಬಾಡಿಗೆ ಕೈಗೆಟುಕುವುದಿಲ್ಲ, ಹಾಗಾಗಿ ಹೊರವಲಯಕ್ಕೆ ಹೋಗುತ್ತಾರೆ. ಅಲ್ಲಿ ಮನೆ ತೋರಿಸುವವರು ಹೇಳುವ ಮೊದಲ ಮಾತೇ "ಇಲ್ಲಿ ರೈಲು ಬರ್ತಾ ಇದೆ". ಆ ಒಂದು ಮಾತನ್ನು ನಂಬಿ ದುಡ್ಡು ಕಳೆದುಕೊಂಡವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಬಸ್ಸು ರೈಲಿನಲ್ಲಿ ತಟ್ಟುವ ಪ್ರೆಸ್ಟೊ ಕಾರ್ಡ್ ಎಲ್ಲಿ ಸಿಗುತ್ತದೆ, ಬ್ಯಾಂಕ್ ಖಾತೆ ಹೇಗೆ ತೆರೆಯಬೇಕು ಅನ್ನುವುದನ್ನೆಲ್ಲ ನಿಮಗೆ ಆಗಲೇ ಯಾರಾದರೂ ಹೇಳಿರುತ್ತಾರೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಬೆಂಗಳೂರಿನಿಂದ ಬಂದವರು ಈ ಮಾತನ್ನು ಬೇಗ ನಂಬುತ್ತಾರೆ. ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಮೆಟ್ರೊ ಕಂಬ ಎದ್ದರೆ ಎಷ್ಟೇ ತಡವಾದರೂ ಒಂದು ದಿನ ರೈಲು ಬರುತ್ತದೆ. ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯವರನ್ನು ವರ್ಷಗಟ್ಟಲೆ ಕಾಯಿಸಿತು, ಆದರೂ 2025ರ ಆಗಸ್ಟ್‌ನಲ್ಲಿ ಓಡಿತು. ಟೊರಾಂಟೊದಲ್ಲಿ ಆ ಭರವಸೆ ಇಲ್ಲ. ಎಗ್ಲಿಂಟನ್ ವೆಸ್ಟ್ ಸಬ್‌ವೇಗೆ, ಅಂದರೆ ಸುರಂಗದ ಮೆಟ್ರೊಗೆ, 1994ರಲ್ಲಿ ನೆಲ ಅಗೆಯಲು ಶುರು ಮಾಡಿದರು. 1995ರಲ್ಲಿ ಪ್ರಾಂತ್ಯದ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಯೋಜನೆ ರದ್ದು ಮಾಡಿ, ಅಗೆದ ಗುಂಡಿಯನ್ನೇ ಮುಚ್ಚಿಸಿತು.

ಯಾಕೆ ಹೀಗೆ? ಇಲ್ಲಿ ರೈಲಿಗೆ ಯಜಮಾನರು ಜಾಸ್ತಿ. ಓಡಿಸುವುದು ಟಿಟಿಸಿ, ಅದು ನಗರದ್ದು. ದೊಡ್ಡ ಮಾರ್ಗಗಳನ್ನು ಕಟ್ಟಿಸುವುದು ಮೆಟ್ರೋಲಿಂಕ್ಸ್, ಅದು ಒಂಟಾರಿಯೋ ಪ್ರಾಂತ್ಯದ್ದು. ದುಡ್ಡು ಹೆಚ್ಚಾಗಿ ಪ್ರಾಂತ್ಯದಿಂದ ಬರುತ್ತದೆ, ಒಂದಿಷ್ಟು ಒಟ್ಟಾವಾದ ಕೇಂದ್ರ ಸರ್ಕಾರದಿಂದ. ನಗರಸಭೆ, ಪ್ರಾಂತ್ಯ, ಕೇಂದ್ರ, ಮೂರಕ್ಕೂ ಬೇರೆ ಬೇರೆ ಹೊತ್ತಿನಲ್ಲಿ ಚುನಾವಣೆ. ಪ್ರತಿ ಚುನಾವಣೆಗೂ ನಕ್ಷೆ ಬದಲಾಗಬಹುದು, ಬದಲಾಗಿದೆ ಕೂಡ.

ಸ್ಕಾರ್ಬರೋ ಕಥೆಯನ್ನೇ ನೋಡಿ. 2007ರಲ್ಲಿ ಮೇಯರ್ ಡೇವಿಡ್ ಮಿಲ್ಲರ್ 'ಟ್ರಾನ್ಸಿಟ್ ಸಿಟಿ' ಯೋಜನೆ ತಂದರು. ಹೊರವಲಯದ ದೊಡ್ಡ ರಸ್ತೆಗಳ ಮಧ್ಯೆ ಹಳಿ ಹಾಕಿ ಲೈಟ್ ರೈಲ್, ಅಂದರೆ ಎಲ್‌ಆರ್‌ಟಿ ಓಡಿಸುವುದು ಅದರ ಉದ್ದೇಶ. 2010ರ ಕೊನೆಯಲ್ಲಿ ಮೇಯರ್ ಆದ ರಾಬ್ ಫೋರ್ಡ್ ಅಧಿಕಾರಕ್ಕೆ ಬಂದ ಮೊದಲ ದಿನವೇ ಆ ಯೋಜನೆ ಮುಗಿಯಿತು ಎಂದರು. ಜನರಿಗೆ ಬೇಕಾಗಿರುವುದು ಸಬ್‌ವೇ ಅನ್ನುವುದು ಅವರ ವಾದ. 2012ರಲ್ಲಿ ನಗರಸಭೆ ಅವರ ಮಾತು ಮೀರಿ ಎಲ್‌ಆರ್‌ಟಿಗೆ ಮತ್ತೆ ಜೀವ ಕೊಟ್ಟಿತು. ಸ್ಕಾರ್ಬರೋಗೆ ಏಳು ನಿಲ್ದಾಣದ ಎಲ್‌ಆರ್‌ಟಿ ಆಗಬೇಕಿತ್ತು, ಅದರ ಖರ್ಚು ಹೊರಲು ಪ್ರಾಂತ್ಯ ಒಪ್ಪಿತ್ತು. 2013ರಲ್ಲಿ ಅದೇ ನಗರಸಭೆ ಅದನ್ನು ಬಿಟ್ಟು ಮೂರು ನಿಲ್ದಾಣದ ಸಬ್‌ವೇಗೆ ಕೈ ಎತ್ತಿತು. ಅದಕ್ಕಾಗಿ ಊರಿನ ಎಲ್ಲ ಮನೆಗಳ ಮೇಲೂ ಹೆಚ್ಚುವರಿ ಆಸ್ತಿ ತೆರಿಗೆ ಬಿತ್ತು. 2016ರಲ್ಲಿ ಮೂರು ನಿಲ್ದಾಣ ಒಂದಕ್ಕೆ ಇಳಿಯಿತು. 2019ರಲ್ಲಿ ಡಗ್ ಫೋರ್ಡ್ ಅವರ ಪ್ರಾಂತ್ಯ ಸರ್ಕಾರ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡು ಮತ್ತೆ ಮೂರು ಮಾಡಿತು. ಸುರಂಗ ಕೊರೆಯುವ ಯಂತ್ರ ನೆಲಕ್ಕೆ ಇಳಿದದ್ದು 2023ರ ಜನವರಿಯಲ್ಲಿ.

ಅಷ್ಟರಲ್ಲಿ ಇದ್ದ ರೈಲೂ ಹೋಯಿತು. ಕೆನೆಡಿಯಿಂದ ಮೆಕ್‌ಕೋವನ್‌ವರೆಗೆ 1985ರಿಂದ ಓಡುತ್ತಿದ್ದ ಸ್ಕಾರ್ಬರೋ ಆರ್‌ಟಿ 2023ರ ಜುಲೈ 24ರಂದು ಹಳಿ ತಪ್ಪಿತು. ಕೊನೆಯ ಬೋಗಿ ಕಳಚಿ ಬಿತ್ತು, ಕೆಲವರಿಗೆ ಗಾಯವಾಯಿತು. ಆಮೇಲೆ ಆ ರೈಲನ್ನು ಓಡಿಸಲೇ ಇಲ್ಲ. ಈಗ ಅಲ್ಲಿನವರಿಗೆ ಬಸ್ಸೇ ಗತಿ. ಸಬ್‌ವೇ ಬರುವವರೆಗೂ ಬಸ್ಸು. ಈ ಊರಿನ ಅತಿ ದೊಡ್ಡ ತಪ್ಪು ಇದೇ ಎಂದು ನನಗನಿಸುತ್ತದೆ. ಎಲ್‌ಆರ್‌ಟಿಯೋ ಸಬ್‌ವೇಯೋ ಎಂದು ಹತ್ತು ವರ್ಷ ಜಗಳವಾಡಿ, ಜನರನ್ನು ಮೈನಸ್ ಹದಿನೈದರ ಚಳಿಯಲ್ಲಿ ಬಸ್ ಕಾಯಲು ನಿಲ್ಲಿಸಿದರು.

ಈಗ ನಿಮ್ಮ ಜೇಬಿನ ವಿಷಯಕ್ಕೆ ಬರುತ್ತೇನೆ.

ರೈಲು ಬರುವ ರಸ್ತೆಗಳಲ್ಲಿ ಗಾಜಿನ ಹೊಸ ಟವರ್‌ಗಳು ಸಾಲಾಗಿ ಎದ್ದಿವೆ. ಎದುರಿಗೇ ಅರವತ್ತು ಎಪ್ಪತ್ತರ ದಶಕದ ಹಳೆ ಇಟ್ಟಿಗೆ ಕಟ್ಟಡಗಳೂ ಇರುತ್ತವೆ. ನಮ್ಮವರು ಹೊಸದನ್ನೇ ಹಿಡಿಯುತ್ತಾರೆ. ಜಿಮ್ ಇದೆ, ಮನೆಯೊಳಗೇ ವಾಷಿಂಗ್ ಮೆಷಿನ್ ಇದೆ, ಕೆಳಗೇ ಸ್ಟೇಷನ್ ಬರುತ್ತೆ. ಬಾಡಿಗೆ ಸ್ವಲ್ಪ ಜಾಸ್ತಿ, ಇರಲಿ ಬಿಡಿ ಅನ್ನುತ್ತಾರೆ. ಆದರೆ ಒಂಟಾರಿಯೋದ ಬಾಡಿಗೆ ಕಾನೂನಿನಲ್ಲಿ ಒಂದು ತಾರೀಕು ಇದೆ: 2018ರ ನವೆಂಬರ್ 15. ಆ ದಿನದವರೆಗೆ ಯಾರಾದರೂ ವಾಸವಿದ್ದ ಮನೆಯಾದರೆ, ಅದೇ ಬಾಡಿಗೆದಾರನಿಗೆ ವರ್ಷಕ್ಕೆ ಎಷ್ಟು ಬಾಡಿಗೆ ಏರಿಸಬಹುದು ಅನ್ನುವುದನ್ನು ಪ್ರಾಂತ್ಯ ನಿಗದಿ ಮಾಡುತ್ತದೆ. 2025ಕ್ಕೆ ಅದು ಶೇಕಡಾ 2.5, 2026ಕ್ಕೆ ಶೇಕಡಾ 2.1. ಆ ದಿನದ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಮನೆಗೆ ಈ ಮಿತಿ ಇಲ್ಲ. ಮಾಲೀಕರು ಹನ್ನೆರಡು ತಿಂಗಳಿಗೊಮ್ಮೆ, ತೊಂಬತ್ತು ದಿನ ಮೊದಲೇ ತಿಳಿಸಿ, ತಮಗೆ ತೋಚಿದಷ್ಟು ಏರಿಸಬಹುದು. ಹೊಸದಾಗಿ ಮಾಡಿಸಿದ ಬೇಸ್‌ಮೆಂಟ್ ಮನೆಗಳಿಗೂ ಬಹುಮಟ್ಟಿಗೆ ಇದೇ ನಿಯಮ.

ಇದನ್ನು ರೈಲಿನ ಜೊತೆ ಸೇರಿಸಿ ನೋಡಿ. ರೈಲು ಬರುವ ಮೊದಲು ಅದರ ಹೆಸರಲ್ಲಿ ಜಾಸ್ತಿ ಬಾಡಿಗೆ ಕೊಡುತ್ತೀರಿ. ವರ್ಷಗಟ್ಟಲೆ ರಸ್ತೆ ಅಗೆತದ ಧೂಳು ತಿನ್ನುತ್ತೀರಿ. ರೈಲು ಹತ್ತಿರ ಬರುತ್ತಿದ್ದಂತೆ ಆ ಜಾಗದ ಬೆಲೆ ಏರುತ್ತದೆ, ಆಗ ನಿಮ್ಮ ಬಾಡಿಗೆ ಏರುವುದನ್ನು ತಡೆಯಲು ಯಾವ ಕಾನೂನೂ ಇಲ್ಲ. ಕಾದವರು ನೀವು, ಹತ್ತುವವರು ಬೇರೆಯವರು.

ಶಿವಮೊಗ್ಗ ಕಡೆಯ ಒಂದು ಜೋಡಿ ಎಗ್ಲಿಂಟನ್ ಈಸ್ಟ್‌ನಲ್ಲಿ ಹೀಗೇ ಒಂದು ಹೊಸ ಟವರ್ ಹಿಡಿದಿದ್ದರು. ಮುಂದಿನ ವರ್ಷ ರೈಲು ಅಂತ ಏಜೆಂಟ್ ಹೇಳಿದ್ದ. ಎಗ್ಲಿಂಟನ್ ಕ್ರಾಸ್‌ಟೌನ್ ಕೆಲಸ ಶುರುವಾಗಿದ್ದು 2011ರಲ್ಲಿ, 2020ಕ್ಕೆ ಓಡಬೇಕಿತ್ತು. 2025 ಮುಗಿದರೂ ಅದನ್ನು ಜನ ಹತ್ತಿರಲಿಲ್ಲ. ಆ ಹುಡುಗಿ ಬೆಳಿಗ್ಗೆ ಆರಕ್ಕೆ ಕಿತ್ತಳೆ ಬಣ್ಣದ ಡ್ರಮ್ಮುಗಳ ನಡುವೆ ನಿಂತು ಬಸ್ ಹಿಡಿದು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ಫೋನ್ ಮಾಡಿದಳು. ಬಾಗಿಲ ಸಂದಿಯಲ್ಲಿ ಎನ್-2 ಅಂತ ಮೇಲೆ ಬರೆದಿದ್ದ ಕಾಗದ ಸಿಕ್ಕಿತ್ತು.

"ಅಕ್ಕಾ, ತಿಂಗಳಿಗೆ ಮುನ್ನೂರೈವತ್ತು ಡಾಲರ್ ಏರಿಸಿದ್ದಾರೆ. ಹೀಗೆ ಮಾಡಬಹುದಾ?"

"ಮಾಡಬಹುದು ಕಣಮ್ಮ. ನಿಮ್ಮ ಮನೆ 2018ರ ಆಮೇಲಿನದು."

ಎನ್-2 ಅಂದರೆ ಮಿತಿ ಅನ್ವಯಿಸದ ಮನೆಗಳ ಬಾಡಿಗೆ ಏರಿಕೆಯ ನೋಟಿಸ್. ಮಿತಿ ಇರುವ ಮನೆಗೆ ಬರುವುದು ಎನ್-1. ನಿಮ್ಮ ಕೈಗೆ ಬಂದದ್ದು ಯಾವುದು ಎಂದು ಮೊದಲು ನೋಡಿ. ಹಳೆ ಕಟ್ಟಡದವರಿಗೆ ಎನ್-2 ಬಂದಿದ್ದರೆ ಸುಮ್ನೆ ದುಡ್ಡು ಕಟ್ಟಬೇಡಿ, ಅಲ್ಲೇನೋ ತಪ್ಪಿದೆ. ಆ ಜೋಡಿಗೆ ಮಾತ್ರ ಬೇರೆ ದಾರಿ ಇರಲಿಲ್ಲ, ಅರವತ್ತು ದಿನದ ನೋಟಿಸ್ ಕೊಟ್ಟು ಮನೆ ಬಿಟ್ಟರು. ಮನೆ ಸಾಗಿಸುವ ಖರ್ಚು, ಎರಡು ಮನೆಗಳ ಬಾಡಿಗೆ ಕೆಲವು ದಿನ ಒಟ್ಟಿಗೇ ಕಟ್ಟಿದ್ದು, ಎಲ್ಲ ಸೇರಿ ದೊಡ್ಡ ಮೊತ್ತವೇ ಆಯಿತು.

ಸಹಿ ಹಾಕುವ ಮೊದಲು ಮಾಲೀಕರಿಗೆ ಒಂದೇ ಒಂದು ಸಾಲಿನ ಇಮೇಲ್ ಹಾಕಿ: ಈ ಮನೆಯಲ್ಲಿ 2018ರ ನವೆಂಬರ್ 15ರಂದು ಅಥವಾ ಅದಕ್ಕೆ ಮೊದಲು ಯಾರಾದರೂ ವಾಸವಿದ್ದರಾ? ಉತ್ತರ ಬರಹದಲ್ಲೇ ಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಳೆ ಇಟ್ಟಿಗೆ ಕಟ್ಟಡಗಳನ್ನು ಒಮ್ಮೆ ಹೋಗಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಟ್ಟೆ ಒಗೆಯಲು ಕೆಳಗಿಳಿದು ಹೋಗಬೇಕು, ನಿಜ. ಆದರೆ ಕೋಣೆಗಳು ದೊಡ್ಡವು, ಬಾಡಿಗೆ ಹಿಡಿತದಲ್ಲಿರುತ್ತದೆ, ರೈಲು ಬಂದ ದಿನವೂ ನೀವು ಅಲ್ಲೇ ಇರುತ್ತೀರಿ.

ಇನ್ನೂ ಕಟ್ಟದ ಕಾಂಡೋ, ಅಂದರೆ ಸ್ವಂತದ ಫ್ಲಾಟ್, ಕೊಳ್ಳುವವರಿಗೂ ಒಂದು ಮಾತು. ಸೇಲ್ಸ್ ಆಫೀಸಿನ ಮೇಜಿನ ಮೇಲೆ ಕಟ್ಟಡದ ಮಾದರಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಪುಟ್ಟ ರೈಲನ್ನೂ ನಿಲ್ಲಿಸಿರುತ್ತಾರೆ. ಕರಾರು ಪತ್ರದಲ್ಲಿ ಆ ರೈಲನ್ನು ಹುಡುಕಿ, ಸಿಗುವುದಿಲ್ಲ. ಹೊಸ ಕಾಂಡೋಗೆ ಸಹಿ ಹಾಕಿದ ಮೇಲೂ ಹತ್ತು ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ಒಂಟಾರಿಯೋದಲ್ಲಿದೆ. ಆ ಹತ್ತು ದಿನದಲ್ಲಿ ವಕೀಲರಿಗೆ ಓದಿಸಿ. ಬಿಲ್ಡರ್ ಹೇಳಿದ ವಕೀಲರು ಬೇಡ, ನೀವೇ ಹುಡುಕಿದವರು ಬೇಕು.

ಮಿಸಿಸಾಗಾ, ಬ್ರಾಂಪ್ಟನ್ ಕಡೆಯವರಿಗೂ ಇದೇ ಎಚ್ಚರಿಕೆ. ಪೋರ್ಟ್ ಕ್ರೆಡಿಟ್‌ನಿಂದ ಹುರಾಂಟಾರಿಯೋ ಉದ್ದಕ್ಕೂ ಬರುವ 18 ಕಿಲೋಮೀಟರ್ ಎಲ್‌ಆರ್‌ಟಿ 2024ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅದು ಬ್ರಾಂಪ್ಟನ್ ಪೇಟೆಯೊಳಗೂ ಹೋಗಬೇಕಿತ್ತು. 2015ರಲ್ಲಿ ಬ್ರಾಂಪ್ಟನ್ ನಗರಸಭೆಯೇ ಬೇಡ ಎಂದಿದ್ದರಿಂದ ಸ್ಟೀಲ್ಸ್ ರಸ್ತೆಯ ಹತ್ತಿರವೇ ನಿಲ್ಲುವ ಮಾರ್ಗವಾಯಿತು.

ಹಾಗಾದರೆ ಸಬ್‌ವೇ, ಎಲ್‌ಆರ್‌ಟಿ ಎರಡರಲ್ಲಿ ಯಾವುದು ಒಳ್ಳೆಯದು? ಊರಿನವರು ಸೇರಿದಾಗಲೆಲ್ಲ ಈ ವಾದ ನಡೆಯುತ್ತದೆ. ಬೆಂಗಳೂರಿನವರು ಥಟ್ಟನೆ ಸಬ್‌ವೇ ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಸ್ಕಾರ್ಬರೋ ಸಬ್‌ವೇ 7.8 ಕಿಲೋಮೀಟರ್, ನಿಲ್ದಾಣ ಮೂರೇ. ನಕ್ಷೆಯಲ್ಲಿ ಗೆರೆ ನಿಮ್ಮ ಮನೆಯ ಕೆಳಗೇ ಹಾದುಹೋಗಬಹುದು, ರೈಲು ಮಾತ್ರ ನಿಲ್ಲದೆ ಹೋಗುತ್ತದೆ. ನಿಲ್ದಾಣಕ್ಕೆ ಹೋಗಲು ಮತ್ತೆ ಬಸ್ಸೇ ಹಿಡಿಯಬೇಕು. ಫಿಂಚ್ ವೆಸ್ಟ್ ಎಲ್‌ಆರ್‌ಟಿ 10.3 ಕಿಲೋಮೀಟರ್, ನಿಲ್ದಾಣ 18. ಮನೆ ಬಿಟ್ಟು ಐದು ಹತ್ತು ನಿಮಿಷ ನಡೆದರೆ ಸ್ಟಾಪ್. ಕಾರಿಲ್ಲದ ಮನೆಗೆ, ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಹೋಗುವ ತಾಯಿಗೆ, ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಇದೇ ಮುಖ್ಯ.

ಆದರೆ ಎಲ್‌ಆರ್‌ಟಿ ಕಟ್ಟಿದರೆ ಸಾಲದು, ಅದಕ್ಕೆ ದಾರಿ ಬಿಡಬೇಕು. ಫಿಂಚ್ ಮಾರ್ಗ 2025ರ ಡಿಸೆಂಬರ್ 7ರಂದು ಶುರುವಾಯಿತು. ಆ ಹತ್ತು ಕಿಲೋಮೀಟರ್‌ಗೆ ಶುರುವಿನ ವೇಳಾಪಟ್ಟಿಯಲ್ಲೇ ಮುಕ್ಕಾಲು ಗಂಟೆ ಇತ್ತು. ಸಿಗ್ನಲ್‌ನಲ್ಲಿ ರೈಲು ನಿಲ್ಲುತ್ತದೆ, ಒಬ್ಬೊಬ್ಬರೇ ಕೂತ ಕಾರುಗಳು ಎಡಕ್ಕೆ ತಿರುಗಿ ಹೋಗುತ್ತವೆ, ಆಮೇಲೆ ತುಂಬಿದ ರೈಲು ಹೊರಡುತ್ತದೆ. ಇದು ಎಲ್‌ಆರ್‌ಟಿಯ ದೋಷವಲ್ಲ. ಸಿಗ್ನಲ್ ಯಾರಿಗೆ ಮೊದಲು ಹಸಿರು ತೋರಿಸಬೇಕು ಎಂದು ನಿರ್ಧರಿಸುವವರ ದೋಷ. ಅದನ್ನು ಸರಿಪಡಿಸಲು ಸುರಂಗ ಬೇಕಿಲ್ಲ. ನಮ್ಮ ಮೆಟ್ರೊ ಥರ ಕಂಬದ ಮೇಲೆ ಯಾಕೆ ಹಾಕುವುದಿಲ್ಲ ಎಂದು ಕೇಳುವವರ ಪ್ರಶ್ನೆಯೂ ಸರಿಯಾಗಿದೆ. ಇಷ್ಟು ಅಗಲದ ರಸ್ತೆಗಳಿರುವ ಹೊರವಲಯದಲ್ಲಿ ಅದು ಎಷ್ಟೋ ಕಡೆ ಆಗುವ ಕೆಲಸ. ಇಲ್ಲಿನವರಿಗೆ ಮನೆ ಮುಂದೆ ಕಂಬ ಬೇಡ, ಅದಕ್ಕೇ ಆ ಮಾತು ಮುಂದೆ ಹೋಗುವುದಿಲ್ಲ.

ಸದ್ಯಕ್ಕೆ ಸ್ಕಾರ್ಬರೋದಲ್ಲಿ ಮನೆ ಹುಡುಕುವವರು ಗೋ ಟ್ರೈನ್, ಅಂದರೆ ಸುತ್ತಲಿನ ಊರುಗಳಿಂದ ಟೊರಾಂಟೊಗೆ ಓಡುವ ಉಪನಗರ ರೈಲು, ಮರೆಯಬೇಡಿ. ಅದು ದೂರದ ಊರಿನವರಿಗೆ, ದುಬಾರಿ ಅಂದುಕೊಂಡು ನಮ್ಮವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಗಿಲ್ಡ್‌ವುಡ್, ಎಗ್ಲಿಂಟನ್, ಅಜಿನ್‌ಕೋರ್ಟ್ ನಿಲ್ದಾಣಗಳೆಲ್ಲ ಸ್ಕಾರ್ಬರೋ ಒಳಗೇ ಇವೆ. ಗಿಲ್ಡ್‌ವುಡ್‌ನಿಂದ ಊರ ನಡುವಿನ ಯೂನಿಯನ್ ನಿಲ್ದಾಣಕ್ಕೆ ಅರ್ಧ ಗಂಟೆಯ ಆಸುಪಾಸು. 2024ರ ಫೆಬ್ರವರಿಯಿಂದ ಟಿಟಿಸಿ ಬಸ್ಸಿಂದ ಗೋ ಹತ್ತಿದರೆ ಬಸ್ಸಿನ ದುಡ್ಡು ಮಾಫಿಯಾಗುತ್ತದೆ, ಆದರೆ ಎರಡೂ ಕಡೆ ಅದೇ ಕಾರ್ಡ್ ತಟ್ಟಿರಬೇಕು. ಬಸ್ಸಿನಲ್ಲಿ ಪ್ಲಾಸ್ಟಿಕ್ ಕಾರ್ಡ್, ಗೋದಲ್ಲಿ ಫೋನ್ ತಟ್ಟಿದರೆ ಯಂತ್ರಕ್ಕೆ ನೀವು ಇಬ್ಬರು ಬೇರೆ ಬೇರೆ ಜನ. ಗೋದಿಂದ ಇಳಿಯುವಾಗಲೂ ತಟ್ಟಿ, ಇಲ್ಲದಿದ್ದರೆ ಜಾಸ್ತಿ ದುಡ್ಡು ಹೋಗುತ್ತದೆ. ಎಲ್‌ಆರ್‌ಟಿಯ ರಸ್ತೆ ಸ್ಟಾಪ್‌ಗಳಲ್ಲಿ ಗೇಟ್ ಇರುವುದಿಲ್ಲ, ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲೇ ತಟ್ಟಬೇಕು. ತಟ್ಟದೆ ಸಿಕ್ಕಿಬಿದ್ದರೆ ದಂಡ ಇನ್ನೂರು ಡಾಲರ್ ದಾಟುತ್ತದೆ.

ಪಿಆರ್ (ಕಾಯಂ ವಾಸದ ಅನುಮತಿ) ಇರುವವರಿಗೆ ಓಟಿಲ್ಲ, ನಾವೇನು ಮಾಡೋಕಾಗುತ್ತೆ ಎಂದು ಸುಮ್ಮನಿರುವವರು ತುಂಬಾ ಜನ. ಓಟಿಗೆ ಪೌರತ್ವ ಬೇಕು, ಮಾತಾಡಲು ಬೇಕಿಲ್ಲ. ನಗರಸಭೆಯ ಸಮಿತಿ ಮುಂದೆ ನಿಮ್ಮ ಹೆಸರು ಮೊದಲೇ ನೋಂದಾಯಿಸಿದರೆ ಕೆಲವು ನಿಮಿಷ ಮಾತಾಡಲು ಬಿಡುತ್ತಾರೆ, ಆನ್‌ಲೈನ್‌ನಲ್ಲೂ ಆಗುತ್ತದೆ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಇಮೇಲ್ ಬರೆಯಿರಿ. 2026ರ ಅಕ್ಟೋಬರ್ 26ರ ನಗರಸಭೆ ಚುನಾವಣೆಗೆ ಮೊದಲು ಓಟು ಕೇಳಿಕೊಂಡು ಬರುವವರು ನಿಮ್ಮ ಬಾಗಿಲನ್ನೂ ತಟ್ಟುತ್ತಾರೆ. ಸಬ್‌ವೇ ಬೇಕಾ, ಎಲ್‌ಆರ್‌ಟಿ ಬೇಕಾ ಎಂದು ಅವರನ್ನು ಕೇಳಬೇಡಿ, ಎರಡಕ್ಕೂ ಹೂಂ ಅನ್ನುತ್ತಾರೆ. ಸಿಗ್ನಲ್‌ನಲ್ಲಿ ಕಾರನ್ನು ನಿಲ್ಲಿಸಿ ರೈಲನ್ನು ಮೊದಲು ಬಿಡಲು ನೀವು ಓಟು ಹಾಕುತ್ತೀರಾ, ಸ್ಕಾರ್ಬರೋ ಬಸ್ಸಿಗೆ ಅದರದೇ ಲೇನ್ ಕೊಡುತ್ತೀರಾ ಎಂದು ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ.